ಹಿಂದಕ್ಕೆ ತುಳಿದರೆ ನಿಲ್ಲುವ ಸೈಕಲ್ಲು

ಬಾಡಿಗೆಯಂಗಡಿಯವನು ಹೊರಗೆ ತಂದು ನಿಲ್ಲಿಸಿದ ಕರಿಯ ಸೈಕಲ್ಲಿನ ಹ್ಯಾಂಡಲನ್ನು ನಾನು ಈ ಕೊನೆಯಿಂದ ಆ ಕೊನೆಯವರೆಗೆ ಎರಡೂ ಕೈಗಳಿಂದ ತಡವಿ ನೋಡಿದೆನು. ಬಟ್ಟಲಿನಷ್ಟು ದೊಡ್ಡದೊಂದು ಬೆಲ್ಲು ಇದ್ದಿತು. ಬ್ರೇಕಿನ ಹಿಡಿ ಮಾತ್ರ ಎಡದಲ್ಲಿಯೂ ಇರಲಿಲ್ಲ, ಬಲದಲ್ಲಿಯೂ ಇರಲಿಲ್ಲ. ಅಂಗಹೀನವಾದ ಗಾಡಿಯೊಂದನ್ನು ಪರದೇಶಿಯ ಕೊರಳಿಗೆ ಕಟ್ಟುತ್ತಿರುವನೆಂದು ನಾನು ಮನಸ್ಸಿನಲ್ಲಿಯೇ ವ್ಯಾಜ್ಯವನ್ನು ಸಿದ್ಧಪಡಿಸಿಕೊಳ್ಳುತ್ತಿರುವಾಗ, ಜೊತೆಯಲ್ಲಿ ಬಂದಿದ್ದ ನನ್ನ ಅಕ್ಕನ ಮಗಳು ನಕ್ಕು, “ಮಾವ, ಬ್ರೇಕು ಕೈಯಲ್ಲಿಲ್ಲ, ಕಾಲಲ್ಲಿದೆ. ಪೆಡಲು ಹಿಂದಕ್ಕೆ ತುಳೀರಿ, ನಿಂತುಕೊಳ್ಳುತ್ತೆ” ಎಂದಳು. ಮುಂದಕ್ಕೆ ತುಳಿದರೆ ಹೋಗುವ, ಹಿಂದಕ್ಕೆ ತುಳಿದರೆ ನಿಲ್ಲುವ ಈ ಯಂತ್ರಕ್ಕೆ ಆಮ್‌ಸ್ಟರ್‌ಡ್ಯಾಮಿನ ಜನ ‘ಓಮಾಫೀಟ್ಸ್’, ಎಂದರೆ ಅಜ್ಜಿಯ ಸೈಕಲ್ಲು, ಎಂದು ಹೆಸರಿಟ್ಟಿರುವರು. ಗಂಟೆಗೆ ಇಪ್ಪತ್ತೈದು ಪೈಸೆ ತೆತ್ತು ತಂದ ಬಾಡಿಗೆ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ, ಒಳಪೆಡಲು ಹೊಡೆದು, ಮೊಣಕಾಲಿನ ಚರ್ಮವನ್ನೇ ಗುರುದಕ್ಷಿಣೆಯಾಗಿ ಅರ್ಪಿಸಿ ವಿದ್ಯೆ ಕಲಿತು, ಅನಂತರ ಐವತ್ತು ವರ್ಷ ಮೈಸೂರಿನ ಬೀದಿಗಳಲ್ಲಿ ಅದನ್ನು ಮರೆಯದೆ ನಡೆಸಿಕೊಂಡು ಬಂದವನು, ಅರವತ್ತರ ಆಚೆಗೆ ಅಜ್ಜಿಯ ಸೈಕಲ್ಲೊಂದರ ಮುಂದೆ ಅಕ್ಷರಾಭ್ಯಾಸಕ್ಕೆ ಕುಳಿತ ಮಗುವಿನಂತೆ ನಿಲ್ಲಬೇಕಾಗಿ ಬಂದಿತು.

ಆಕೆಯ ಸಂಸಾರವಿರುವುದು ನಗರದ ದಕ್ಷಿಣದ ಸೆರಗಿಗೆ ಅಂಟಿಕೊಂಡಿರುವ ಆಮ್‌ಸ್ಟೆಲ್‌ವೇನ್ ಎಂಬ ಊರಿನಲ್ಲಿ. ಉದ್ಯೋಗವನ್ನರಸಿ ಹೋದ ನಮ್ಮ ದೇಶದ ಕುಟುಂಬಗಳು ಬಹುಸಂಖ್ಯೆಯಲ್ಲಿ ನೆಲಸಿರುವ ಸ್ಥಳವಾದುದರಿಂದ, ಅಲ್ಲಿಯ ಅಂಗಡಿಯಲ್ಲಿ ಕರಿಬೇವನ್ನು ಆರಿಸುತ್ತ ನಿಂತವರ ಬಾಯಿಂದ ಕನ್ನಡ ಕೇಳಿಬಂದರೆ ಯಾರೂ ಬೆರಗಾಗಿ ತಿರುಗಿ ನೋಡುವುದಿಲ್ಲ. ಸೆಪ್ಟೆಂಬರಿನಲ್ಲಿ ಮೂರು ವಾರ ನಾನು ಅಲ್ಲಿದ್ದೆನು. ನಗರವನ್ನು ನೋಡಲು ಸೈಕಲ್ಲನ್ನೇ ಆರಿಸಿಕೊಂಡುದಕ್ಕೆ ಉನ್ನತವಾದ ತತ್ತ್ವವೇನೂ ಕಾರಣವಲ್ಲ; ನಡೆದರೆ ಮೊಣಕಾಲು ನೋಯುತ್ತಿದ್ದಿತು, ಟ್ರಾಮಿನಲ್ಲಿ ಕುಳಿತರೆ ನಿದ್ರೆ ಬರುತ್ತಿದ್ದಿತು. ಮೊದಲೆರಡು ದಿನಗಳ ಅಭ್ಯಾಸವು ಊರಿನ ಮಗ್ಗುಲಲ್ಲಿರುವ ಆಮ್‌ಸ್ಟರ್‌ಡ್ಯಾಂಸೆ ಬೊಸ್ ಎಂಬ ಅರಣ್ಯದಲ್ಲಿ ನಡೆಯಿತು. ಅರಣ್ಯವೆಂದರೆ ತಾನಾಗಿ ಬೆಳೆದುದಲ್ಲ. 1934ರಿಂದ ಮೊದಲ್ಗೊಂಡು, ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸವಿಲ್ಲದೆ ಕುಳಿತಿದ್ದ ಜನರ ಕೈಗೆ ಗುದ್ದಲಿ ಸನಿಕೆಗಳನ್ನು ಕೊಟ್ಟು, ಸಮುದ್ರದ ಮಟ್ಟಕ್ಕಿಂತ ಕೆಳಗಿರುವ ನೆಲದಲ್ಲಿ ನೆಡಿಸಿದ ಕಾಡು ಅದು. ಕಾಡನ್ನು ಕೂಡ ನಕ್ಷೆ ಬರೆದು ನಿರ್ಮಿಸುವ ಜನ ಇವರೆಂದು ತಿಳಿದ ಮೇಲೆ, ರಸ್ತೆಯ ವಿಷಯದಲ್ಲಿ ಅವರು ಹಿಡಿಯುವ ಹಟವು ನನಗೆ ಅಷ್ಟಾಗಿ ವಿಚಿತ್ರವೆನಿಸಲಿಲ್ಲ.

ಮೂರನೆಯ ದಿನ ಆಕೆ ನನಗೆ ನೆಲವನ್ನು ಓದುವುದನ್ನು ಹೇಳಿಕೊಟ್ಟಳು. ಕೆಂಪು ಡಾಂಬರಿನ ಪಟ್ಟಿ ಸೈಕಲ್ಲಿನದು. ಅದರ ಮೇಲೆ ಕಾರು ಬರತಕ್ಕದ್ದಲ್ಲ, ಕಾಲ್ನಡಿಗೆಯವನು ನಿಂತು ಫೋಟೋ ತೆಗೆಯತಕ್ಕದ್ದೂ ಅಲ್ಲ. ದಾರಿಗಳು ಕೂಡುವೆಡೆಯಲ್ಲಿ ಬಿಳಿಯ ತ್ರಿಕೋಣಗಳ ಸಾಲೊಂದನ್ನು ಬಳಿದಿರುತ್ತಾರೆ. ಡಚ್ಚರು ಅವನ್ನು ಶಾರ್ಕ್ ಮೀನಿನ ಹಲ್ಲುಗಳೆನ್ನುವರು. ಹಲ್ಲಿನ ಮೊನೆಗಳು ಯಾರ ಕಡೆಗೆ ಚಾಚಿವೆಯೋ ಅವನು ನಿಲ್ಲಬೇಕು, ಮತ್ತೊಬ್ಬನು ಹೋಗಬೇಕು. ಹಲ್ಲೂ ಇಲ್ಲ, ದೀಪವೂ ಇಲ್ಲ ಎಂದಾದರೆ ಬಲಗಡೆಯಿಂದ ಬರುವವನಿಗೆ ಮೊದಲು ದಾರಿ. ಬಹುಕಾಲ ಮೋಟಾರು ವಾಹನಗಳಿಗಷ್ಟೇ ಇದ್ದ ಈ ಹಕ್ಕು 2001ರ ಮೇ ತಿಂಗಳಿನಿಂದ ಬಲಗಡೆಯ ಸೈಕಲ್ಲಿಗೂ ಬಂದಿದೆ. ಟ್ರಾಮು ಮಾತ್ರ ಯಾವ ಕಡೆಯಿಂದ ಬಂದರೂ ಹಿರಿಯರ ಸ್ಥಾನದಲ್ಲಿರುತ್ತದೆ. ತಿರುಗುವ ಮುನ್ನ ಆ ಕಡೆಯ ಕೈಯನ್ನು ಚಾಚಿ ತೋರಿಸಬೇಕು. ಕತ್ತಲಾದರೆ ಮುಂದೆ ಬಿಳಿಯ ದೀಪ, ಹಿಂದೆ ಕೆಂಪು ದೀಪ ಉರಿಯಬೇಕು. ಕೈಯಲ್ಲಿ ಫೋನು ಹಿಡಿದು ತುಳಿಯುವುದು 2019ರ ಜುಲೈನಿಂದ ದಂಡಕ್ಕೆ ಗುರಿ. ದೀಪವಿಲ್ಲದ ಸೈಕಲ್ಲನ್ನೂ ಡಬಲ್ ರೈಡನ್ನೂ ಪೊಲೀಸಿನವರು ಹಿಡಿದು ನಿಲ್ಲಿಸುತ್ತಿದ್ದ ಕಾಲವನ್ನು ಕಂಡ ನಮ್ಮ ಪೀಳಿಗೆಗೆ ದೀಪದ ನಿಯಮವು ಹೊಸದಲ್ಲ. ಡಬಲ್ ರೈಡು ಮಾತ್ರ ಅಲ್ಲಿ ಅಪರಾಧವಲ್ಲವಾದುದರಿಂದ, ಹಿಂದಿನ ಕ್ಯಾರಿಯರಿನ ಮೇಲೆ ಒಂದೇ ಬದಿಗೆ ಕಾಲು ಇಳಿಬಿಟ್ಟು ಕುಳಿತ ತರುಣಿಯರನ್ನು ಕಂಡು ನನಗೆ ನಮ್ಮ ಊರಿನ ಹಳೆಯ ದಂಪತಿಗಳ ನೆನಪು ಬಂದಿತು.

ಇದರಲ್ಲಿ ಬುದ್ಧಿಗೆ ಕಠಿನವಾದುದೇನೂ ಇಲ್ಲ, ಕಷ್ಟವೆಲ್ಲ ಅಭ್ಯಾಸಕ್ಕೆ. ನಮ್ಮ ಊರಿನ ಚೌಕಗಳಲ್ಲಿ ನಾವು ಎದುರಿನವನ ಕಣ್ಣನ್ನು ಓದಿ ದಾಟುವವರು: ಅವನು ನುಗ್ಗುವನೋ ತಡೆಯುವನೋ, ಆಟೋದ ಮುಂಗಾಲಿ ಯಾವ ಕಡೆಗೆ ವಾಲಿದೆ, ಮಲಗಿರುವ ಹಸು ಏಳುವ ಮನಸ್ಸು ಮಾಡಿದೆಯೇ, ಎಂಬೀ ಸೂಕ್ಷ್ಮಗಳನ್ನೆಲ್ಲ ಅರೆಕ್ಷಣದಲ್ಲಿ ತೂಗಿ, ಸ್ವಲ್ಪ ಬೆಲ್ಲು, ಸ್ವಲ್ಪ ದೈನ್ಯ, ಸ್ವಲ್ಪ ಧೈರ್ಯ ಇವುಗಳಿಂದ ದಾರಿಯನ್ನು ಸಂಪಾದಿಸುವುದು ನಮ್ಮ ಪದ್ಧತಿ. ಈ ವಿದ್ಯೆಯನ್ನು ನಾನು ದೆ ಪೈಪ್ ಎಂಬ ಬಡಾವಣೆಯ ಕೂಡುರಸ್ತೆಯೊಂದರಲ್ಲಿ ಪ್ರಯೋಗಿಸಿದೆನು. ಶಾರ್ಕಿನ ಹಲ್ಲುಗಳು ಅಡ್ಡರಸ್ತೆಯವರ ಕಡೆಗೆ ಮೊನೆ ಮಾಡಿದ್ದವು, ಹೋಗಬೇಕಾದವನು ನಾನು. ಎಡಗಡೆಯಿಂದ ಸಾಮಾನಿನ ವ್ಯಾನೊಂದು ಬಂದು ನಿಂತಿತು. ದೊಡ್ಡ ಗಾಡಿ ನಮಗಾಗಿ ನಿಂತುದನ್ನು ಕಂಡರೆ ನಮ್ಮ ಕಡೆಯವರಿಗೆ ಮನಸ್ಸು ಕರಗುತ್ತದೆ. ನಾನು ಪೆಡಲನ್ನು ಹಿಂದಕ್ಕೆ ಮೆಟ್ಟಿ ನಿಂತು, “ತಾವು ಮೊದಲು” ಎಂಬ ಅಭಿನಯದಿಂದ ಕೈ ನೀಡಿದೆನು. ಅವನು ಹೋಗಲಿಲ್ಲ, ನನಗೇ ಕೈ ತೋರಿಸಿದನು. ನಾನು ಮರಳಿ ಅವನಿಗೆ ತೋರಿಸಿದೆನು. ಈ ಸತ್ಕಾರವು ನಡೆಯುತ್ತಿರುವಾಗ ನನ್ನ ಹಿಂದೆ, ಮುಂಭಾಗದ ಮರದ ಪೆಟ್ಟಿಗೆಯಲ್ಲಿ ಎರಡು ಮಕ್ಕಳನ್ನು ಕುಳ್ಳಿರಿಸಿಕೊಂಡು ಬಂದ ತಾಯಿಯೊಬ್ಬಳೂ, ಆಕೆಯ ಹಿಂದೆ ಮತ್ತಿಬ್ಬರೂ ಒಬ್ಬರ ಮೇಲೊಬ್ಬರು ಬೀಳುವಂತಾಗಿ ನಿಂತರು. ಬೂದುಬಣ್ಣದ ಕೋಟು ತೊಟ್ಟ ವೃದ್ಧೆಯೊಬ್ಬರು ಬೆಲ್ಲು ಬಾರಿಸುತ್ತ ನನ್ನ ಪಕ್ಕದಿಂದ ಹಾದುಹೋಗುವಾಗ ಎರಡು ಶಬ್ದಗಳನ್ನು ನುಡಿದರು. ಅವುಗಳ ಅರ್ಥವನ್ನು ಸೊಸೆ ಈವರೆಗೂ ನನಗೆ ಹೇಳಿಲ್ಲ. ಆಕೆ ಹೇಳಿದುದು ಇಷ್ಟು: “ಇಲ್ಲಿ ಮರ್ಯಾದೆ ತೋರಿಸೋಕೆ ಹೋಗಬೇಡಿ ಮಾವ. ನಿಮ್ಮ ಸರದಿ ಬಂದಾಗ ಹೋಗಿಬಿಡಬೇಕು. ನೀವು ಹೋಗ್ತೀರಿ ಅಂತ ನಂಬಿಕೊಂಡೇ ಮಿಕ್ಕವರೆಲ್ಲ ಬರ್ತಿರ್ತಾರೆ.”

ಈ ಮಾತಿನಲ್ಲಿ ಆ ನಗರದ ರಹಸ್ಯದ ಬಹುಭಾಗ ಅಡಗಿರುವುದೆಂದು ನನಗೆ ಅನಂತರ ತೋರಿತು. ಅಲ್ಲಿಯ ಸೈಕಲ್ಲಿನವರು ಸೌಜನ್ಯಕ್ಕೆ ಹೆಸರಾದವರಲ್ಲ. ಕೆಂಪು ಪಟ್ಟಿಯ ಮೇಲೆ ಮೈಮರೆತು ನಿಂತ ಪ್ರವಾಸಿಯ ಹಿಮ್ಮಡಿಯವರೆಗೆ ಬಂದು ಬೆಲ್ಲು ಹೊಡೆಯುವರು, ಕೆಂಪು ದೀಪವನ್ನು ಕಂಡೂ ಕಾಣದಂತೆ ಜಾರಿಕೊಳ್ಳುವರೂ ಇಲ್ಲದಿಲ್ಲ. ಆದರೆ ಸೌಜನ್ಯವು ಆಯಾ ಮನುಷ್ಯನ ಅಂದಿನ ಮನಸ್ಸನ್ನು ಅವಲಂಬಿಸಿರುವಂಥದು. ಬಳಿದ ಹಲ್ಲುಗಳು ಹಾಗಲ್ಲ. ಎಂಟು ವರ್ಷದ ಹುಡುಗಿಯೊಬ್ಬಳು ಬೆನ್ನಿಗೆ ಚೀಲ ಹಾಕಿಕೊಂಡು ಒಬ್ಬಳೇ ಶಾಲೆಗೆ ಹೋಗುತ್ತಿರುವಾಗ ಆಕೆಯ ಮುಂದೆ ನಿಲ್ಲುವ ಲಾರಿಯು ಆಕೆಯ ಮೇಲಿನ ಕರುಣೆಯಿಂದ ನಿಲ್ಲುತ್ತಿರುವುದಿಲ್ಲ, ಆದುದರಿಂದಲೇ ಆಕೆಯ ತಾಯಿ ಮನೆಯಲ್ಲಿ ನಿಶ್ಚಿಂತೆಯಿಂದಿರುವಳು.

ನನ್ನ ಪತನವೂ ಇಲ್ಲಿಯೇ ಹೇಳಿ ಮುಗಿಸಬೇಕಾದ ವಿಷಯ. ರೆಂಬ್ರಾಂಟ್ ಚೌಕದ ಸಮೀಪದಲ್ಲಿ ಟ್ರಾಮಿನ ಕಂಬಿಗೆ ಸಮಾನಾಂತರವಾಗಿ ಹೋಗುತ್ತಿದ್ದವನು, ಗೋಪುರವೊಂದನ್ನು ನೋಡುತ್ತ ಮುಂಗಾಲಿಯನ್ನು ಕಂಬಿಯ ಸಂದಿಗೆ ಇಳಿಸಿಬಿಟ್ಟೆನು. ಗಾಲಿ ಕಂಬಿಯ ಮಾತನ್ನು ಕೇಳಿತು, ನಾನು ಜಡತ್ವದ ಮಾತನ್ನು ಕೇಳಿದೆನು. ಕಂಬಿಯನ್ನು ಯಾವಾಗಲೂ ಅಡ್ಡಲಾಗಿ, ಆದಷ್ಟು ಲಂಬಕೋನದಲ್ಲಿ ದಾಟಬೇಕೆಂಬುದು ಮಕ್ಕಳಿಗೂ ತಿಳಿದ ವಿಷಯವಂತೆ. ನನಗೆ ಮೊಣಕೈಯ ಮೂಲಕ ತಿಳಿಯಿತು.

ನಗರದ ಹೃದಯಭಾಗವನ್ನು ಅರ್ಧವರ್ತುಲವಾಗಿ ಬಳಸಿರುವ ಕಾಲುವೆಗಳಿಗೆ ಒಳಗಿನಿಂದ ಹೊರಕ್ಕೆ ಸಿಂಗೆಲ್, ಹೇರೆನ್‌ಗ್ರಾಖ್ತ್, ಕೈಜರ್ಸ್‌ಗ್ರಾಖ್ತ್, ಪ್ರಿನ್ಸೆನ್‌ಗ್ರಾಖ್ತ್ ಎಂದು ಹೆಸರು. ‘ಗ್ರಾಖ್ತ್’ ಎಂಬುದನ್ನು ಅವಲಕ್ಕಿ ಗಂಟಲಿಗೆ ಸಿಕ್ಕಿದವನಂತೆ ಉಚ್ಚರಿಸಬೇಕು. ಸಿಂಗೆಲ್ಲು ಮಧ್ಯಯುಗದ ಕೋಟೆಯ ಕಂದಕ; ಉಳಿದ ಮೂರನ್ನು, ಪ್ರಭುಗಳ ಕಾಲುವೆ, ಚಕ್ರವರ್ತಿಯ ಕಾಲುವೆ, ರಾಜಕುಮಾರನ ಕಾಲುವೆ ಎಂಬ ಭಾರಿ ಹೆಸರುಗಳೊಡನೆ, 17ನೆಯ ಶತಮಾನದ ವರ್ತಕರು 1613ರಿಂದೀಚೆಗೆ ತೋಡಿಸಿದರು; 2010ರಲ್ಲಿ ಯುನೆಸ್ಕೋ ಈ ಕಾಲುವೆಗಳ ಬಳೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಇದನ್ನೆಲ್ಲ ಯಾವ ಮಾರ್ಗದರ್ಶಿಯಾದರೂ ಹೇಳಿಯಾನು. ಸೈಕಲ್ಲು ಮಾತ್ರ ಹೇಳುವುದು ಬೇರೆಯೊಂದಿದೆ. ದೋಣಿಗಳು ಅಡಿಯಲ್ಲಿ ಹಾಯಬೇಕಾದುದರಿಂದ ಪ್ರತಿಯೊಂದು ಸೇತುವೆಯೂ ಬೆನ್ನು ಬಾಗಿಸಿ ನಿಂತಿದೆ. ಕೇಂದ್ರದಿಂದ ಹೊರಕ್ಕೆ ಹೊರಟವನು ನಾಲ್ಕು ಉಬ್ಬುಗಳನ್ನು ಏರಿ ಇಳಿಯಬೇಕು. ಬೆಟ್ಟವೆಂಬುದನ್ನೇ ಕಾಣದ ಊರಿನಲ್ಲಿ ಈ ನಾಲ್ಕು ಏರುಗಳನ್ನು ತೊಡೆಯ ಸ್ನಾಯುಗಳು ತಪ್ಪದೆ ಎಣಿಸುತ್ತವೆ. ಒಂದು ವಾರದ ಮೇಲೆ, ಎಲ್ಲ ಕಾಲುವೆಗಳೂ ಒಂದೇ ತೆರನಾಗಿ, ಎಲ್ಲ ಮನೆಗಳೂ ಕಿರಿದಾಗಿ, ನೆತ್ತಿಯಲ್ಲಿ ಸಾಮಾನು ಮೇಲೆತ್ತುವ ಕೊಕ್ಕೆಯೊಡನೆ ಮುಂದಕ್ಕೆ ವಾಲಿ ನಿಂತು ಕಣ್ಣಿಗೆ ಮೋಸಮಾಡುತ್ತಿದ್ದಾಗಲೂ, ಎಷ್ಟನೆಯ ಬಳೆಯಲ್ಲಿರುವೆನೆಂಬುದನ್ನು ನನ್ನ ಕಾಲುಗಳು ಹೇಳುತ್ತಿದ್ದವು.

ರೈಕ್ಸ್‌ಮ್ಯೂಸಿಯಮ್ಮನ್ನು ನಾನು ಮೊದಲು ಪ್ರವೇಶಿಸಿದುದು ಟಿಕೆಟಿಲ್ಲದೆ, ಸೈಕಲ್ಲಿನ ಮೇಲೆ. ಪಿಯರ್ ಕೈಪರ್ಸ್ ಎಂಬ ವಾಸ್ತುಶಿಲ್ಪಿಯು ರಚಿಸಿ 1885ರಲ್ಲಿ ತೆರೆದ ಆ ಮಹಾಸೌಧದ ನಟ್ಟನಡುವೆ ಕಮಾನುಗಳ ಸಾಲಿನ ಕೆಳಗೆ ಸಾರ್ವಜನಿಕ ರಸ್ತೆಯೊಂದು ಹಾಯ್ದುಹೋಗುತ್ತದೆ. ರೆಂಬ್ರಾಂಟನ ‘ನೈಟ್ ವಾಚ್’ ಚಿತ್ರವನ್ನಿಟ್ಟಿರುವ ಸಭಾಂಗಣವು ಸರಿಯಾಗಿ ಅದರ ಮೇಲೆ. ವಿಶ್ವವಿಖ್ಯಾತವಾದ ಚಿತ್ರದ ಅಡಿಯಲ್ಲಿ, ಕಮಾನಿನ ಪ್ರತಿಧ್ವನಿಯನ್ನು ನಂಬಿ ಪಿಟೀಲು ಬಾರಿಸುತ್ತ ನಿಂತ ಬೀದಿಯ ಸಂಗೀತಗಾರರ ಪಕ್ಕದಲ್ಲಿ, ಹೀರೇಕಾಯಿಯಂಥ ಉದ್ದನೆಯ ರೊಟ್ಟಿಯನ್ನು ಚೀಲದಲ್ಲಿ ಸಿಕ್ಕಿಸಿಕೊಂಡು ಗೃಹಸ್ಥರು ಸೈಕಲ್ಲಿನಲ್ಲಿ ಮನೆಗೆ ಹೋಗುತ್ತಿರುವುದನ್ನು ನಾನು ಕಮಾನಿನ ಅಂಚಿನಲ್ಲಿ ಗಾಡಿ ನಿಲ್ಲಿಸಿ ಬಹಳ ಹೊತ್ತು ನೋಡಿದೆನು. 2003ರಿಂದ 2013ರ ಪರ್ಯಂತ ನಡೆದ ಜೀರ್ಣೋದ್ಧಾರದಲ್ಲಿ, ಈ ದಾರಿಯನ್ನು ಕಿರಿದುಮಾಡಿ ಅಲ್ಲಿಯೇ ಭವ್ಯವಾದ ಪ್ರವೇಶದ್ವಾರವನ್ನು ಇರಿಸುವುದೆಂದು ಸ್ಪೇನಿನ ವಾಸ್ತುಶಿಲ್ಪಿಗಳು ಯೋಜಿಸಿದರಷ್ಟೆ, ಸೈಕಲ್ಲಿನವರು ಒಪ್ಪಲಿಲ್ಲ. ವರ್ಷಗಟ್ಟಲೆ ವಾದ ನಡೆದು, ಕೊನೆಗೆ ಬದಲಾದುದು ಯೋಜನೆಯೇ ಹೊರತು ದಾರಿಯಲ್ಲ. 2013ರ ಮೇ ತಿಂಗಳಲ್ಲಿ ಸೈಕಲ್ಲುಗಳು ಮತ್ತೆ ಆ ಕಮಾನಿನೊಳಗೆ ಹರಿದವು.

ಡಚ್ಚರಿಗೆ ಇದು ಹುಟ್ಟುಗುಣ, ಅವರದು ಸಮತಟ್ಟಾದ ನಾಡು, ಆದುದರಿಂದ ಸೈಕಲ್ಲು ಅಲ್ಲಿ ಹುಲ್ಲಿನಂತೆ ತಾನಾಗಿ ಬೆಳೆಯಿತು ಎಂದು ಹೇಳುವವರುಂಟು. ನಾನೂ ಹಾಗೆಯೇ ಎಣಿಸಿದ್ದೆನು. ಸಮತಟ್ಟಾದ ನೆಲವು ಕಾರಿಗೂ ಅಷ್ಟೇ ಅನುಕೂಲವೆಂಬುದು ನಮಗೆ ಹೊಳೆಯುವುದಿಲ್ಲ. ಎರಡನೆಯ ಮಹಾಯುದ್ಧದ ಅನಂತರ ಕೈಯ ಮೇಲೆ ಹಣ ಆಡತೊಡಗಿದಾಗ ಹಾಲೆಂಡಿನವರೂ ಎಲ್ಲರಂತೆ ಕಾರಿನ ಬೆನ್ನು ಹತ್ತಿದರು; ಸೈಕಲ್ಲು ವರ್ಷದಿಂದ ವರ್ಷಕ್ಕೆ ಬೀದಿಯಿಂದ ಜಾರುತ್ತ ಹೋಯಿತು. 1954ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಪೊಲೀಸ್ ಮುಖ್ಯಸ್ಥನಾಗಿದ್ದ ಕಾಸ್‌ಯಾಗರ್ ಎಂಬಾತನು ಸಂಚಾರದ ಇಕ್ಕಟ್ಟಿಗೆ ಸೂಚಿಸಿದ ಪರಿಹಾರವು ಹಲವು ಕಾಲುವೆಗಳನ್ನು ಮಣ್ಣು ತುಂಬಿ ಮುಚ್ಚಿಬಿಡುವುದಾಗಿತ್ತು. 1967ರಲ್ಲಿ ಅಮೆರಿಕದ ಡೇವಿಡ್ ಜೋಕಿನೆನ್ ಇನ್ನೂ ದೊಡ್ಡ ಕನಸನ್ನು ಕಂಡನು: ಸಿಂಗೆಲ್‌ಗ್ರಾಖ್ತನ್ನು ತುಂಬಿ ಅದರ ಮೇಲೆ ಹೆದ್ದಾರಿ, ಹಳೆಯ ಕೆಲಸಗಾರರ ಬಡಾವಣೆಗಳನ್ನು ಕೆಡವಿ ಎತ್ತರದ ಕಟ್ಟಡಗಳು. ವೃದ್ಧೆಯ ಎರಡು ಶಬ್ದಗಳನ್ನು ನಾನು ಕೇಳಿಸಿಕೊಂಡ ದೆ ಪೈಪ್ ಬಡಾವಣೆ ಆ ಪಟ್ಟಿಯಲ್ಲಿ ಇದ್ದಿತು.

ಕಾರಿನ ಈ ಮೋಹಕ್ಕೆ ಮೊದಲ ಉತ್ತರವು ಬಂದುದು ನಗೆಯ ರೂಪದಲ್ಲಿ. 1965ರಲ್ಲಿ ‘ಪ್ರೊವೊ’ ಎಂಬ ತುಂಟ ತರುಣರ ತಂಡದ ಲೂಡ್ ಸ್ಕಿಮ್ಮೆಲ್‌ಪೆನ್ನಿಂಕ್ ಎಂಬುವನು, ಕೆಲವು ಸೈಕಲ್ಲುಗಳಿಗೆ ಬಿಳಿಯ ಬಣ್ಣ ಬಳಿದು, ಬೀಗ ಹಾಕದೆ ಬೀದಿಯಲ್ಲಿ ಬಿಡಬೇಕು, ಬೇಕಾದವನು ಹತ್ತಿ ಹೋಗಿ ಬೇಡವಾದಲ್ಲಿ ಇಳಿಯಬೇಕು ಎಂಬ ಯೋಜನೆಯನ್ನು ಮುಂದಿಟ್ಟನು. ಪೊಲೀಸರು ಆ ಸೈಕಲ್ಲುಗಳನ್ನು ವಶಪಡಿಸಿಕೊಂಡರು. ಕಾರಣವೇನೆಂದರೆ, ಬೀಗವಿಲ್ಲದೆ ಸೈಕಲ್ಲನ್ನು ಬೀದಿಯಲ್ಲಿ ಬಿಡುವುದು ಕಳ್ಳತನಕ್ಕೆ ಆಹ್ವಾನವೆಂದು ನಿಯಮವಿದ್ದಿತು. ಯಾರದೂ ಅಲ್ಲದ ವಸ್ತುವನ್ನು ಕಳವಿನಿಂದ ಕಾಪಾಡಿದ ಈ ಪ್ರಸಂಗವು ನಮ್ಮ ಕಚೇರಿಗಳಿಗೂ ಅಪರಿಚಿತವಾಗಿ ತೋರಲಾರದು. ಅಂದು ಸೋತ ಆ ಕಲ್ಪನೆಯೇ ಲೋಕದ ನಾನಾ ನಗರಗಳ ಸಾರ್ವಜನಿಕ ಸೈಕಲ್ ವ್ಯವಸ್ಥೆಗೆ ಮೂಲಪುರುಷ. 2017ರಲ್ಲಿ ಮೈಸೂರಿನಲ್ಲಿ ಆರಂಭವಾದ ‘ಟ್ರಿಣ್ ಟ್ರಿಣ್’ ಆ ವಂಶದ ದೂರದ ಮೊಮ್ಮಗು.

ಎರಡನೆಯ ಉತ್ತರದಲ್ಲಿ ನಗೆಯಿರಲಿಲ್ಲ. 1971ರ ಒಂದೇ ವರ್ಷದಲ್ಲಿ ಆ ಚಿಕ್ಕ ದೇಶದ ರಸ್ತೆಗಳಲ್ಲಿ 3,200ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ರಸ್ತೆಯಲ್ಲಿ ತನ್ನ ಎಳೆಯ ಮಗಳನ್ನು ಕಳೆದುಕೊಂಡ ವಿಕ್ ಲಾಂಗೆನ್‌ಹೋಫ್ ಎಂಬ ಪತ್ರಕರ್ತನು 1972ರಲ್ಲಿ ಬರೆದ ಲೇಖನಕ್ಕೆ ‘ಶಿಶುಹತ್ಯೆಯನ್ನು ನಿಲ್ಲಿಸಿ’ ಎಂಬ ಅರ್ಥದ ತಲೆಬರಹವಿದ್ದಿತು; ಅಪಘಾತವೆಂಬ ಮೃದುವಾದ ಪದವನ್ನು ಅವನು ಬೇಕೆಂದೇ ಕೈಬಿಟ್ಟಿದ್ದನು. ಆ ತಲೆಬರಹವೇ ತಂದೆತಾಯಿಗಳ ಚಳವಳಿಯೊಂದರ ಹೆಸರಾಯಿತು. ಮಕ್ಕಳು ಬೀದಿಗೆ ಅಡ್ಡಲಾಗಿ ನಿಂತು ಆಟಕ್ಕೆ ಸ್ಥಳ ಕೇಳಿದರು, ದೊಡ್ಡವರು ಸೈಕಲ್ಲುಗಳೊಡನೆ ರಸ್ತೆಯ ಮೇಲೆಯೇ ಮಲಗಿದರು. ಅಷ್ಟರಲ್ಲಿ 1973ರ ಅರಬ್ಬೀ ತೈಲದ ಬಿಕ್ಕಟ್ಟು ಬಂದು, ನವೆಂಬರ್ 4ರಿಂದ ಕೆಲವು ಭಾನುವಾರಗಳಂದು ಕಾರುಗಳನ್ನು ನಿಷೇಧಿಸಬೇಕಾಯಿತು. ಬರಿದಾದ ಹೆದ್ದಾರಿಗಳ ಮೇಲೆ ಜನ ಸೈಕಲ್ಲಿನಲ್ಲಿಯೂ ಗಾಲಿಯ ಬೂಟುಗಳಲ್ಲಿಯೂ ವಿಹರಿಸಿ, ಬೀದಿಯೆಂಬುದು ಹೀಗೂ ಇರಬಹುದೆಂಬುದನ್ನು ಕಣ್ಣಾರೆ ಕಂಡರು. 1975ರಲ್ಲಿ ನ್ಯೂಮಾರ್ಕ್ಟ್ ಕೇರಿಯಲ್ಲಿ ಮೆಟ್ರೋಗಾಗಿ ಮನೆಗಳನ್ನು ಕೆಡವಹೋದಾಗ ಗಲಭೆಯೇ ಆಯಿತು. ಮೆಟ್ರೋ ಬಂದಿತು, ಆದರೆ ಅದರ ಮೇಲೆ ಬರಬೇಕಾಗಿದ್ದ ಅಗಲವಾದ ಮೋಟಾರು ರಸ್ತೆಯನ್ನು ಕೈಬಿಟ್ಟರು. ಸೈಕಲ್ಲಿನವರ ಒಕ್ಕೂಟವು ಹುಟ್ಟಿದುದೂ ಅದೇ ವರ್ಷ. ಕೆಂಪು ಪಟ್ಟಿಯೂ ಶಾರ್ಕಿನ ಹಲ್ಲೂ ಹೀಗೆ ಜಗಳವಾಡಿ ಪಡೆದ ಆಸ್ತಿ. ನನ್ನ ವಯಸ್ಸಿಗಿಂತ ಅದರ ವಯಸ್ಸು ಕಡಮೆ.

ನೆಲದ ಮೇಲೆ ಬಳಿದುದಕ್ಕೆ ಕಾಗದದ ಮೇಲೆಯೂ ಆಧಾರವುಂಟು. ಅವರ 1994ರ ರಸ್ತೆ ಸಂಚಾರದ ಕಾಯಿದೆಯ 185ನೆಯ ವಿಧಿಯಂತೆ, ಮೋಟಾರು ವಾಹನವೂ ಸೈಕಲ್ಲೂ ಡಿಕ್ಕಿಯಾದಲ್ಲಿ, ತನ್ನ ಕೈಮೀರಿದ ಕಾರಣದಿಂದ ಆಯಿತೆಂದು ಮೋಟಾರಿನವನು ಸ್ಥಾಪಿಸಲಾರದೆ ಹೋದರೆ ಗಾಯಗೊಂಡವನ ನಷ್ಟವನ್ನು ಅವನು, ವಸ್ತುತಃ ಅವನ ವಿಮೆಯ ಕಂಪನಿ, ತೆರಬೇಕು. ಸೈಕಲ್ಲಿನವನದೂ ತಪ್ಪಿದ್ದಲ್ಲಿ ಸಾಮಾನ್ಯವಾಗಿ ಅರ್ಧವನ್ನಾದರೂ ಕೊಡಬೇಕು. ಗಾಯಗೊಂಡದ್ದು 14 ವರ್ಷ ತುಂಬದ ಮಗುವಾದರೆ ಬಹುಮಟ್ಟಿಗೆ ಪೂರ್ತಿಯಾಗಿ. ಅಪರಾಧಿ ಯಾರೆಂಬ ಪ್ರಶ್ನೆ ಬೇರೆ. ಒಂದು ಟನ್ ತೂಕದ ಕಬ್ಬಿಣವನ್ನು ಜನರ ನಡುವೆ ನಡೆಸುವ ಹೊಣೆಯ ಬೆಲೆ ಯಾರದೆಂಬುದೇ ಇಲ್ಲಿಯ ಪ್ರಶ್ನೆ.

ಎರಡನೆಯ ವಾರದಲ್ಲಿ ಒಂದು ಮುಂಜಾನೆ ನಾನು ಒಬ್ಬನೇ ಮೇರ್‌ವೇಡೆಪ್ಲೈನ್ ಎಂಬ ತ್ರಿಕೋಣಾಕಾರದ ಚೌಕಕ್ಕೆ ಹೋದೆನು. 37ನೆಯ ನಂಬರಿನ ಮನೆಯಲ್ಲಿ ಆನ್ ಫ್ರಾಂಕಳ ಕುಟುಂಬವಿದ್ದಿತು. 1942ರ ಬೇಸಗೆಯ ಹೊತ್ತಿಗೆ ನಾಜಿಗಳು ಯೆಹೂದ್ಯರಿಗೆ ಟ್ರಾಮನ್ನು ನಿಷೇಧಿಸಿದ್ದರು, ಸೈಕಲ್ಲುಗಳನ್ನು ಒಪ್ಪಿಸಿಬಿಡಬೇಕೆಂದು ಆಜ್ಞೆ ಮಾಡಿದ್ದರು. ಜುಲೈ 6ರಂದು ಕುಟುಂಬವು ಅಡಗುತಾಣಕ್ಕೆ ಹೊರಟಾಗ, ತಂದೆತಾಯಿಯರೂ ಆನಳೂ ಒಂದರ ಮೇಲೊಂದು ಬಟ್ಟೆ ತೊಟ್ಟು ಮಳೆಯಲ್ಲಿ ನಡೆದೇ ಹೋದರು. ಅಕ್ಕ ಮಾರ್ಗೋಟ್ ಮಾತ್ರ ಒಪ್ಪಿಸದೆ ಉಳಿಸಿಕೊಂಡಿದ್ದ ಸೈಕಲ್ಲಿನ ಮೇಲೆ, ಚೀಲದಲ್ಲಿ ಶಾಲೆಯ ಪುಸ್ತಕಗಳನ್ನು ತುಂಬಿಕೊಂಡು, ಅವರಿಗೆ ನೆರವಾಗುತ್ತಿದ್ದ ಮೀಪ್ ಗೀಸಳ ಹಿಂದೆ ಮೊದಲೇ ಹೋದಳು. ಆ ಚೌಕದಿಂದ ಅಡಗುತಾಣವಾದ ಪ್ರಿನ್ಸೆನ್‌ಗ್ರಾಖ್ತಿನ 263ನೆಯ ಮನೆಗೆ ನಾಲ್ಕೈದು ಕಿಲೋಮೀಟರು. ನಿಧಾನವಾಗಿ ತುಳಿದರೂ ಅರ್ಧ ಗಂಟೆ ಸಾಕು. ನಾನು ಹೋದಂದು ಮಳೆಯಿರಲಿಲ್ಲ. ಕೂಡುರಸ್ತೆಗಳಲ್ಲಿ ನನಗೆ ದಾರಿ ಬಿಟ್ಟು ನಿಂತ ವಾಹನಗಳನ್ನು ನೋಡುತ್ತ, ಹದಿನಾರು ವರ್ಷದ ಆ ಹುಡುಗಿಗೆ ಅಂದು ಸೈಕಲ್ಲಿನ ಮೇಲೆ ಕುಳಿತಿರುವುದೇ ಅಪರಾಧವಾಗಿದ್ದಿತೆಂಬುದು ಮತ್ತೆ ಮತ್ತೆ ನೆನಪಿಗೆ ಬರುತ್ತಿದ್ದಿತು. ಆ ಮನೆಯ ಮುಂದೆ ಪ್ರವಾಸಿಗಳ ಸಾಲು ವೆಸ್ಟರ್‌ಕೆರ್ಕ್ ದೇವಾಲಯದ ಕಡೆಗೆ ತಿರುಗಿತ್ತು. ನಾನು ಇಳಿಯದೆ ಮುಂದಕ್ಕೆ ಹೋದೆನು. ಅದೇ ಯುದ್ಧದಲ್ಲಿ ಜರ್ಮನ್ ಸೇನೆಯು ಡಚ್ಚರೆಲ್ಲರ ಸೈಕಲ್ಲುಗಳನ್ನೂ ಸಹಸ್ರಗಟ್ಟಲೆಯಾಗಿ ಎತ್ತಿಕೊಂಡು ಹೋಯಿತು. ಫುಟ್‌ಬಾಲ್ ಪಂದ್ಯಗಳಲ್ಲಿ ಜರ್ಮನರನ್ನು ಕಂಡಾಗ ಸೈಕಲ್ಲನ್ನು ಹಿಂದಿರುಗಿಸುವಂತೆ ಕೂಗಿ ಕೆಣಕುವ ಪದ್ಧತಿ ಯುದ್ಧವನ್ನು ಕಾಣದ ಪೀಳಿಗೆಗಳಲ್ಲಿಯೂ ಉಳಿದುಬಂದಿತು.

ಆವ್ಡ್ ಹೋಖ್‌ಸ್ಟ್ರಾಟ್ ಎಂಬ ಇಕ್ಕಟ್ಟಾದ ಬೀದಿಯಲ್ಲಿ, 1602ರಲ್ಲಿ ಸ್ಥಾಪಿತವಾದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಕೇಂದ್ರ ಕಚೇರಿ ಇದ್ದಿತು. ಈಗ ಅಲ್ಲಿ ವಿಶ್ವವಿದ್ಯಾನಿಲಯದ ತರಗತಿಗಳು. ಅಂಗಳದ ಗೋಡೆಗೆ ನೂರಾರು ಸೈಕಲ್ಲುಗಳು ಒರಗಿದ್ದವು. ಈ ಅಂಗಳದ ಅಂದಿನ ವರ್ತಕರ ಲೆಕ್ಕದ ಪುಸ್ತಕಗಳಿಗೆ ನಮ್ಮ ಕರಾವಳಿಯ ಅಕ್ಕಿಯೂ ಕಾಳುಮೆಣಸೂ ಪರಿಚಿತವಾಗಿದ್ದವು. 17ನೆಯ ಶತಮಾನದಲ್ಲಿ ಕುಂದಾಪುರದ ಮಗ್ಗುಲಿನ ಬಸರೂರಿನಲ್ಲಿ ಅವರ ಕೋಠಿಯೊಂದಿದ್ದಿತು. ಅತಿಯಾಗಿ ಬೆಲೆಯೇರಿದುದನ್ನು ಡಚ್ಚರು ಇಂದಿಗೂ ‘ಮೆಣಸಿನಷ್ಟು ತುಟ್ಟಿ’ ಎಂಬ ಅರ್ಥದ ಒಂದೇ ಪದದಿಂದ ಹೇಳುವರು. ಸೊಸೆ ತನ್ನ ಮನೆಯ ಬಾಡಿಗೆಯನ್ನು ತಿಳಿಸುವಾಗ ಆ ಪದವನ್ನೇ ಬಳಸಿದಳು.

ಅಂಗಳದಲ್ಲಿ ಕಂಡ ಸೈಕಲ್ಲುಗಳಲ್ಲಿ ಬಹುಪಾಲು ತುಕ್ಕು ಹಿಡಿದವು. ಅದು ಬಡತನವಲ್ಲ, ನೀತಿ. ಕಳ್ಳನ ಕಣ್ಣು ಬೀಳದಿರಲೆಂದು ಗಾಡಿಯನ್ನು ಹಳತಾಗಿಟ್ಟು ಬೀಗಕ್ಕೆ ಹಣ ಸುರಿಯುವರು. ಹಿಂಗಾಲಿಗೆ ಬಳೆಯ ಬೀಗ, ಅದರ ಮೇಲೆ ಬಾವಿಯ ಸರಪಣಿಯಂಥ ಸರಪಣಿ. ಇಷ್ಟು ಜೋಪಾನ ಮಾಡಿದ ಸೈಕಲ್ಲುಗಳು ಕಾಲುವೆಯ ತಳಕ್ಕೆ ಹೋಗುವುದೂ ಉಂಟು: ದೋಣಿಯ ಮೇಲಿನ ಕ್ರೇನು ತನ್ನ ಕಬ್ಬಿಣದ ಪಂಜವನ್ನು ನೀರಿಗಿಳಿಸಿ, ವರ್ಷಕ್ಕೆ 12 ಸಾವಿರದಿಂದ 15 ಸಾವಿರ ಸೈಕಲ್ಲುಗಳನ್ನು ಕೆಸರಿನೊಡನೆ ಮೇಲೆತ್ತುತ್ತದೆ. ಗಾಳಿ ಕೆಡವಿದವು, ಕುಡಿದವರು ಎಸೆದವು, ಕದ್ದು ಬಿಸುಟವು. ನಾನು ನೋಡುತ್ತಿದ್ದಾಗ ಮೇಲೆ ಬಂದುದೊಂದರ ಬುಟ್ಟಿಯಲ್ಲಿ ಕಪ್ಪೆಚಿಪ್ಪುಗಳು ಸಂಸಾರ ಹೂಡಿದ್ದವು. ಸೀಟು ಮಾತ್ರ ಹೊಸತರಂತಿತ್ತು. ಇನ್ನು ನಿಲ್ಲಿಸಲು ಸ್ಥಳವೆಂಬುದು ಬೇರೆಯೇ ತಲೆನೋವು: ಕೇಂದ್ರ ರೈಲುನಿಲ್ದಾಣದ ಮುಂದೆ ನೀರಿನ ಅಡಿಯಲ್ಲಿ 7,000 ಸೈಕಲ್ಲುಗಳ ನೆಲಮಾಳಿಗೆಯೊಂದನ್ನು ಕಟ್ಟಿ 2023ರ ಜನವರಿಯಲ್ಲಿ ತೆರೆದರು, ಮೊದಲ ಇಪ್ಪತ್ತನಾಲ್ಕು ಗಂಟೆ ಬಿಟ್ಟಿ. ನಾನು ಗಾಡಿಯನ್ನು ಅಲ್ಲಿಟ್ಟು, ಸಾಲಿನ ಸಂಖ್ಯೆಯನ್ನು ಬರೆದುಕೊಳ್ಳದೆ ಮೇಲೆ ಬಂದು, ಸಾಯಂಕಾಲ ನಲವತ್ತು ನಿಮಿಷ ಅಜ್ಜಿಯರ ಸಾವಿರಾರು ಕರಿಯ ಸೈಕಲ್ಲುಗಳ ನಡುವೆ ನನ್ನ ಅಜ್ಜಿಯನ್ನು ಹುಡುಕಿದೆನು.

ನಿಲ್ದಾಣದ ಹಿಂಬದಿಯಿಂದ ಐ ಎಂಬ ಜಲವಿಸ್ತಾರವನ್ನು ದಾಟಿಸುವ ದೋಣಿಗಳಿಗೆ ಹಣವಿಲ್ಲ. ಒಂದು ಕಾಲನ್ನು ನೆಲಕ್ಕೂರಿ, ಸೈಕಲ್ಲಿನಿಂದ ಪೂರ್ತಿ ಇಳಿಯದೆ, ನೂರು ಜನ ಒತ್ತೊತ್ತಾಗಿ ನಿಂತಿರುವಂತೆಯೇ ದೋಣಿ ಆಚೆಯ ದಡವನ್ನು ಸೇರುತ್ತದೆ. ಹಲಗೆ ಬಿದ್ದೊಡನೆ ಎಲ್ಲರೂ ಏಕಕಾಲದಲ್ಲಿ ತುಳಿಯತೊಡಗುವರು. ಅಲ್ಲಿಂದ ಪೂರ್ವಕ್ಕೆ ದುರ್ಗರ್‌ಡ್ಯಾಂ ಎಂಬ ಹಳ್ಳಿಯ ಕಡೆಗೆ ಒಡ್ಡಿನ ಮೇಲೆ ಹೊರಟೆನು. ಬಲಗಡೆ ನೀರು, ಎಡಗಡೆ ಆ ನೀರಿಗಿಂತ ತಗ್ಗಿನಲ್ಲಿ ಹಸುಗಳು ಮೇಯುತ್ತಿರುವ ಹುಲ್ಲುಗಾವಲು. 1932ರಲ್ಲಿ ದೂರದ ಮಹಾ ಅಡ್ಡಗಟ್ಟೆ ಮುಗಿಯುವವರೆಗೆ ಈ ಒಡ್ಡಿಗೆ ಬಂದು ಬಡಿಯುತ್ತಿದ್ದುದು ಉಪ್ಪು ನೀರಿನ ಕಡಲು. ಗಾಡಿ ತಾನಾಗಿ ಓಡುತ್ತಿದ್ದಿತು. ಎರಡು ವಾರದ ಅಭ್ಯಾಸದಿಂದ ಯೌವನವೇ ಮರಳಿತೆಂದು ಬಗೆದು, ಚರ್ಚಿನ ಬಳಿ ಬಿಸಿ ಸೂಪು ಕುಡಿದು, ಹಿಂದಿರುಗಲೆಂದು ಗಾಡಿಯನ್ನು ಪಶ್ಚಿಮಕ್ಕೆ ತಿರುಗಿಸಿದಾಗ ಯೌವನವನ್ನು ಕೊಟ್ಟವನು ಯಾರೆಂಬುದು ತಿಳಿಯಿತು. ಗಾಳಿಯು ಎದೆಗೆ ಕೈಯಿಟ್ಟು ನೂಕುತ್ತಿದ್ದಿತು. ಡಚ್ಚರಿಗೆ ಬೆಟ್ಟವಿಲ್ಲದ ಕೊರತೆಯನ್ನು ಗಾಳಿ ತುಂಬಿಕೊಡುತ್ತದೆ. ಅದನ್ನೂ ಪಂದ್ಯವಾಗಿಸಿಕೊಂಡು, 2013ರಿಂದ, ಬಿರುಗಾಳಿಯೆದ್ದ ದಿನವನ್ನೇ ಆರಿಸಿ, ಓಸ್ಟರ್‌ಸ್ಖೆಲ್ಡೆಯ ಸಮುದ್ರಗಟ್ಟೆಯ ಮೇಲೆ ಗೇರಿಲ್ಲದ ಸಾದಾ ಸೈಕಲ್ಲುಗಳಲ್ಲಿ ಎದುರುಗಾಳಿಗೆ 8.5 ಕಿಲೋಮೀಟರು ತುಳಿಯುವ ರಾಷ್ಟ್ರೀಯ ಸ್ಪರ್ಧೆಯನ್ನು ನಡೆಸುವರು. ನನ್ನ ಸ್ಪರ್ಧೆಗೆ ಪ್ರೇಕ್ಷಕರಾಗಿ ಹಸುಗಳಿದ್ದವು. ಎಪ್ಪತ್ತು ದಾಟಿದ ದಂಪತಿಗಳು ಎದುರುಗಾಳಿಯಲ್ಲಿಯೇ ಮಾತನಾಡಿಕೊಳ್ಳುತ್ತ ನನ್ನನ್ನು ಹಿಂದೆ ಹಾಕಿ ಹೋದರು.

ಮೈಸೂರಿಗೆ ಮರಳಿದ ಮೂರನೆಯ ದಿನ, ಸೊಪ್ಪು ತರಲೆಂದು ನನ್ನ ಹಳೆಯ ಸೈಕಲ್ಲನ್ನು ಒರೆಸಿ, ಗಾಳಿ ಹಾಕಿಸಿ ಹೊರಟೆನು. ಅಗ್ರಹಾರದ ವೃತ್ತದ ಸಮೀಪದಲ್ಲಿ ಪಕ್ಕದ ಓಣಿಯಿಂದ ತಳ್ಳುಗಾಡಿಯೊಂದು ಹೊರಬಿದ್ದಿತು. ಗಾಡಿಯವಳ ಕಣ್ಣನ್ನು ಓದಬೇಕಾಗಿದ್ದ ನಾನು ನೆಲವನ್ನು ನೋಡಿದೆನು. ನೆಲದ ಮೇಲೆ ಹಲ್ಲುಗಳಿರಲಿಲ್ಲ. ಕಾಲುಗಳು ತಮಗೆ ಹೊಸದಾಗಿ ಬಂದ ವಿದ್ಯೆಯಂತೆ ಪೆಡಲನ್ನು ಹಿಂದಕ್ಕೆ ಮೆಟ್ಟಿದವು. ಫ್ರೀವೀಲು ಕಟಕಟನೆ ಸದ್ದು ಮಾಡುತ್ತ ಸುಮ್ಮನೆ ಹಿಂದಕ್ಕೆ ತಿರುಗಿತು, ಸೈಕಲ್ಲು ಮುಂದಕ್ಕೆ ಹೋಯಿತು. “ಯಾಕ್ ಸಾಮಿ, ಬ್ರೇಕ್ ಹಿಡಿಯಕ್ಕೆ ಕೈ ಇರ್ಲಿಲ್ವಾ?” ಎಂದು ಆಕೆ ಕೇಳಿದಳು. ಕೆಳಗೆ ಬಿದ್ದ ದಂಟಿನಸೊಪ್ಪಿನ ನಾಲ್ಕು ಕಟ್ಟುಗಳನ್ನು ಕೊಡವಿ ಎತ್ತಿ, ನಾಲ್ಕಕ್ಕೂ ಹಣ ಕೊಟ್ಟು, ಸೈಕಲ್ಲನ್ನು ತಳ್ಳಿಕೊಂಡು ಮನೆಗೆ ಬಂದೆನು.